ಮಧ್ಯಾಹ್ನ ಎಣಿಸಿದ ಹಕ್ಕಿಗಳು

ಕಲ್ಲಿಗೂ ನಗು ಬರುತ್ತಿದ್ದ ಕಾಲದಲ್ಲಿ ಒಬ್ಬ ರಾಜನಿದ್ದನಂತೆ, ಅವನ ಊರಿನಾಚೆ ಒಂದು ಮರವಿತ್ತಂತೆ, ಮರದ ತುಂಬ ಹಕ್ಕಿಗಳಂತೆ, ಎಂದು ಅಜ್ಜಿ ಶುರು ಮಾಡುತ್ತಿದ್ದಳು. ಎಷ್ಟು ಹಕ್ಕಿ ಎಂದು ರಾಜನಿಗೆ ತಿಳಿಯಬೇಕಾಯಿತು. ಎಣಿಸುವುದು ರಾಜರಿಗೆ ಬರುವ ಕಾಯಿಲೆ, ನಮ್ಮಂಥವರಿಗೆ ಕೆಮ್ಮು ಬಂದ ಹಾಗೆ. ಲೆಕ್ಕದವನೊಬ್ಬನನ್ನು ಕಳಿಸಿದ. ಅವನು ಮಟಮಟ ಮಧ್ಯಾಹ್ನ ಹೋಗಿ, ಮರಕ್ಕೆ ಮೂರು ಸುತ್ತು ಹಾಕಿ, ಕೊಂಬೆ ಕೊಂಬೆಯನ್ನೂ ನೋಡಿ, ಸೊನ್ನೆ ಬರೆದುಕೊಂಡು ಬಂದ. ಹಕ್ಕಿಯಿಲ್ಲದ ಮರ ಯಾತಕ್ಕೆ, ಕಡಿದುಹಾಕಿ ಎಂದ ರಾಜ. ಕಥೆ ಇಲ್ಲಿಗೆ ಬರುವಷ್ಟರಲ್ಲಿ ದೊಡ್ಡ ಮೊಮ್ಮಗಳು ಹೊದಿಕೆಯಿಂದ ತಲೆ ಹೊರಗೆ ಹಾಕಿ ಕೇಳುತ್ತಿದ್ದಳು: "ಅಲ್ಲ ಅಜ್ಜಿ, ಹಕ್ಕಿ ಎಣಿಸೋಕೆ ಯಾರಾದ್ರೂ ಮಧ್ಯಾಹ್ನ ಹೋಗ್ತಾರಾ? ಅವನಿಗೆ ಅಷ್ಟೂ ಗೊತ್ತಿರ್ಲಿಲ್ವಾ?" ಅಜ್ಜಿ ಅವಳ ತಲೆಯನ್ನು ಮತ್ತೆ ಒಳಗೆ ತಳ್ಳುತ್ತಿದ್ದಳು. "ಗೊತ್ತಿತ್ತು ಕಣೇ. ಗೊತ್ತಿದ್ದೇ ಹೋದ. ಯಾಕೆ ಅಂತ ನೀನು ದೊಡ್ಡವಳಾದ ಮೇಲೆ ಹೇಳ್ತೀನಿ."

ದೊಡ್ಡವಳಾಗುವುದು ಯಾವಾಗ ಮುಗಿಯುತ್ತದೆ ಎಂದು ತಿಳಿಯುವ ಮೊದಲೇ ಅಜ್ಜಿ ಹೋಗಿಬಿಟ್ಟಳು. ಈಗ ಮಂಗಳವಾರ, ಬೆಳಿಗ್ಗೆ ಒಂಬತ್ತೂವರೆ, ಮೂರನೆಯ ಮಹಡಿಯ ಕಚೇರಿಯಲ್ಲಿ ಅವಳ ಮೇಜಿನ ಮೇಲೆ ಒಂದು ಬಿಳಿ ಹಾಳೆ, ಮೂರು ಕಾಲೇಜುಗಳ ಮಾಹಿತಿ ಪುಸ್ತಕಗಳು, ಹೋದ ವರ್ಷದ ಕೈಪಿಡಿ. ಯಾವ ಓದಿಗೆ ಎಷ್ಟು ಖರ್ಚು, ಓದಿದವರು ಆಮೇಲೆ ಏನಾದರು ಎಂದು ವಿಚಾರಿಸಿ ಪ್ರತಿ ವರ್ಷ ಕೈಪಿಡಿ ಅಚ್ಚು ಹಾಕುವ ಕಚೇರಿ ಅದು. ಫೋನು ಮಾಡಿ ಕೇಳುವುದು ಅವಳ ಕೆಲಸ. ಆದರೆ ಈ ಹಾಳೆ ಕಚೇರಿಯದಲ್ಲ, ತಂಗಿಗೆ ಕೊಟ್ಟ ಮಾತು. ಬೈಬಲ್ ಅಧ್ಯಯನಕ್ಕೆ ಸೇರುತ್ತೇನೆ ಎಂದು ತಂಗಿ ಹಟ ಹಿಡಿದು ಎರಡು ತಿಂಗಳಾಗಿತ್ತು. ಹುಟ್ಟಿದಾಗ ಕೀರಲು ದನಿಯಲ್ಲಿ ಅತ್ತದ್ದಕ್ಕೆ ಅಪ್ಪ ಇಟ್ಟ 'ಪಿಟೀಲು' ಎಂಬ ಅಡ್ಡಹೆಸರು ಹಟ ಹಿಡಿದಾಗ ಅವಳಿಗೆ ಇನ್ನೂ ಒಪ್ಪುತ್ತಿತ್ತು. ಅರ್ಜಿ ನಾಳೆ ಮಧ್ಯಾಹ್ನದೊಳಗೆ ತಲುಪಬೇಕು, ಅಪ್ಪನ ಸಹಿ ಇಲ್ಲದೆ ಅದು ಹೊರಡುವುದಿಲ್ಲ. "ಮೂರೂ ಕಾಲೇಜನ್ನ ಒಂದೇ ಹಾಳೇಲಿ ಪಕ್ಕಪಕ್ಕ ಇಟ್ಟು ತೋರಿಸಿ, ಆಮೇಲೆ ನೋಡೋಣ" ಎಂದಿದ್ದ ಅಪ್ಪ. ಹಾಳೆ ತಾನು ಮಾಡುತ್ತೇನೆಂದು ಅಕ್ಕ ಒಪ್ಪಿಕೊಂಡು ಮೂರು ವಾರವಾಗಿತ್ತು. ಇಷ್ಟು ದಿನ ಕಿಟಕಿಯಾಚೆ ನೋಡುತ್ತಾ, ಎದುರು ಕಟ್ಟಡದ ತಾರಸಿಯ ಮೇಲೆ ಒಣಗಿಸಿದ ಹಾಸಿಗೆಗಳಲ್ಲಿ ಯಾರು ಯಾರು ಮಲಗಿರಬಹುದು ಎಂದು ಕಲ್ಪಿಸುತ್ತಾ ಕಳೆದಿದ್ದಳು.

ಅಪ್ಪನಿಗೆ ಪಕ್ಕಪಕ್ಕ ಇಡುವುದೆಂದರೆ ವೃತ್ತಿ. ಮೂವತ್ತು ವರ್ಷದಿಂದ ಕನ್ನಡಕದ ಅಂಗಡಿ. ಬಂದವರ ಮೂಗಿನ ಮೇಲೆ ಖಾಲಿ ಚೌಕಟ್ಟು ಕೂರಿಸಿ, ಒಂದು ಗಾಜು ತೆಗೆದು ಇನ್ನೊಂದು ಹಾಕುತ್ತಾ, "ಇದರಲ್ಲಿ ಚೆನ್ನಾಗಿದೆಯೋ, ಇದರಲ್ಲೋ?" ಎಂದು ದಿನಕ್ಕೆ ನೂರು ಸಲ ಕೇಳುವವನು. ಜಗತ್ತಿನ ಖರ್ಚನ್ನೆಲ್ಲ ಕನ್ನಡಕದಲ್ಲೇ ಅಳೆಯುತ್ತಿದ್ದ. ನದಿ ದಡದ ದೊಡ್ಡ ಕಾಲೇಜು ವರ್ಷಕ್ಕೆ ಮುನ್ನೂರು ಕನ್ನಡಕ, ಓದು ನಾಲ್ಕು ವರ್ಷ. ಸಂಜೆ ಕಾಲೇಜು ಅರವತ್ತು ಕನ್ನಡಕ, ಐದು ವರ್ಷ. ಬೆಟ್ಟದ ಕಾಲೇಜು ಎಂಬತ್ತು, ಮೂರು ವರ್ಷ, ಅದರ ಮೇಲೆ ದಿನಕ್ಕೆರಡು ಗಂಟೆ ಅಲ್ಲಿಯ ಅಡುಗೆಮನೆಯಲ್ಲೋ ತೋಟದಲ್ಲೋ ದುಡಿಯಬೇಕು. "ಒಂದೇ ಪುಸ್ತಕ, ಮೂರು ವರ್ಷ! ಅಲ್ಲಿರೋರಿಗೆಲ್ಲ ಕಣ್ಣು ಮಂದ ಇರಬೇಕು. ನನ್ನ ಹತ್ರ ಕಳ್ಸು" ಎಂದು ತಂಗಿಯನ್ನು ರೇಗಿಸಿದ್ದ. ತಂಗಿ ಬಿಡುವವಳಲ್ಲ: "ನೀನು ಅದೇ ಹನ್ನೊಂದು ಸಾಲಿನ ಅಕ್ಷರದ ಹಲಗೇನ ಮೂವತ್ತು ವರ್ಷದಿಂದ ಓದಿಸ್ತಿದ್ದೀಯಲ್ಲಪ್ಪ." ಅಪ್ಪ ನಕ್ಕಿದ್ದ. ನಕ್ಕ ಮೇಲೆ ಮಗಳ ಕಚೇರಿಯ ಕೈಪಿಡಿ ತೆರೆದು, ಬೆಟ್ಟದ ಕಾಲೇಜಿನ ಸಾಲಿನ ಮೇಲೆ ಬೆರಳಿಟ್ಟಿದ್ದ. ಓದು ಮುಗಿಸಿದವರು ಮೂವತ್ತೊಂದು. ಕೆಲಸದಲ್ಲಿರುವವರು ಏಳು. ಕೆಲಸವಿಲ್ಲದವರು ಇಪ್ಪತ್ನಾಲ್ಕು. "ಇದು ನಿಮ್ಮಕ್ಕನ ಆಫೀಸೇ ಅಚ್ಚು ಹಾಕಿದ್ದು ಕಣಮ್ಮ, ನಾನು ಹೇಳಿದ್ದಲ್ಲ. ಇದು ಸುಳ್ಳು ಅಂತ ತೋರಿಸಿದ್ರೆ ಸಹಿ ಹಾಕ್ತೀನಿ. ಇಲ್ದಿದ್ರೆ ಗಾಜು ಉಜ್ಜೋ ಕೋರ್ಸಿಗೆ ಸೇರ್ಕೋ, ಅಂಗಡಿ ನಿಂದೇ." ಆವತ್ತು ಮಲಗುವ ಮುಂಚೆ ತಂಗಿ ಕೇಳಿದಳು: "ಆ ಇಪ್ಪತ್ನಾಲ್ಕು ಜನ ದಿನವಿಡೀ ಏನ್ ಮಾಡ್ತಿರ್ತಾರೆ ಅಕ್ಕ? ಸುಮ್ಮನೆ ಕೂತಿರ್ತಾರಾ?"

ಆ ಪ್ರಶ್ನೆ ಅವಳ ತಲೆಯೊಳಗೆ ಬಾಗಿಲು ಸಿಗದ ಜೇನುಹುಳದಂತೆ ಸುತ್ತುತ್ತಿತ್ತು. ದೊಡ್ಡ ಕಾಲೇಜಿನ ಅಂಕಿಗಳನ್ನು ಹಾಳೆಗೆ ಇಳಿಸಿದಳು: ಐವತ್ತೆರಡರಲ್ಲಿ ನಲವತ್ತು. ಅದು ಕಾಲೇಜೇ ಕಳಿಸಿದ ಪಟ್ಟಿ, ಹೊಳೆಯುವ ಕಾಗದದಲ್ಲಿ, ನಗುಮುಖಗಳ ಚಿತ್ರದೊಂದಿಗೆ. ಸಂಜೆ ಕಾಲೇಜಿನದು ಹದಿನೆಂಟಕ್ಕೆ ಹದಿನೆಂಟು. ಬರೆದಮೇಲೆ ಪೆನ್ನು ನಿಂತಿತು. ಸಂಜೆ ಓದುವವರಿಗೆಲ್ಲ ಹಗಲು ಕೆಲಸ ಮೊದಲಿನಿಂದಲೇ ಇರುತ್ತದಲ್ಲ. ಬಸ್ ಓಡಿಸುವವನು ಐದು ವರ್ಷ ಓದಿ ಆಮೇಲೂ ಬಸ್ಸೇ ಓಡಿಸುತ್ತಿದ್ದರೆ ಅದು ಓದಿನ ಫಲವೋ, ಬಸ್ಸಿನ ಫಲವೋ? ಹೋದ ವರ್ಷ ತನಗಿದು ತೋಚಿರಲಿಲ್ಲವೇಕೆ? ಆಗ ಈ ಹಾಳೆ ಯಾರಿಗೂ ಬೇಕಾಗಿರಲಿಲ್ಲ ಎಂಬುದೇ ಉತ್ತರವಿರಬೇಕು. ಬೆಟ್ಟದ ಕಾಲೇಜಿನ ಹಳೆಯ ಕಡತ ತೆಗೆದಳು. ಮೂವತ್ತೊಂದು ಹೆಸರು, ಫೋನ್ ನಂಬರು, ಇಪ್ಪತ್ನಾಲ್ಕರ ಮುಂದೆ ಮೂರು ಮೂರು ಅಡ್ಡಗೆರೆ, ತನ್ನದೇ ಕೈಬರಹ. ಮೂರು ಸಲ ಫೋನು ಮಾಡಿಯೂ ಸಿಗದವರನ್ನು 'ಕೆಲಸವಿಲ್ಲ'ದ ಕಾಲಮ್ಮಿಗೆ ಹಾಕುವುದು ಕಚೇರಿಯ ಪದ್ಧತಿ. 'ಕೆಲಸ ಇರೋರು ಹೇಳ್ಕೋತಾರೆ, ಇಲ್ದೋರು ಫೋನ್ ಎತ್ತಲ್ಲ' ಎಂಬುದು ಮೇಲ್ವಿಚಾರಕಿಯ ಸಿದ್ಧಾಂತ. ತಮ್ಮ ಕೈಯಾರೆ ಸ್ಕೇಲಿಟ್ಟು ಕಾಲಂ ಎಳೆಯುತ್ತಿದ್ದುದರಿಂದ ಅವರನ್ನು ಎಲ್ಲರೂ ಗೆರೆ ಮೇಡಂ ಎನ್ನುತ್ತಿದ್ದರು. ಅವಳು ಕಡತದ ಮೊದಲ ನಂಬರಿಗೆ ಫೋನು ತಿರುಗಿಸಿದಳು, ಆ ಇಪ್ಪತ್ನಾಲ್ಕರಲ್ಲಿ ಒಬ್ಬರಾದರೂ ಸುಮ್ಮನೆ ಕೂತಿರುವುದನ್ನು ಕಿವಿಯಾರೆ ಕೇಳೋಣವೆಂದು.

ಎರಡನೆಯ ರಿಂಗಿಗೇ ಒಬ್ಬ ಹೆಂಗಸು ಎತ್ತಿದಳು. ಹಿಂದೆ ಯಾರೋ ಕೆಮ್ಮುವ ಸದ್ದು, ಪಾತ್ರೆಯಿಟ್ಟ ಸದ್ದು. ಕೈಪಿಡಿ, ಕಚೇರಿ, ಬೆಟ್ಟದ ಕಾಲೇಜು ಎಲ್ಲ ಹೇಳಿ, ಈಗ ಕೆಲಸದಲ್ಲಿದ್ದೀರಾ ಎಂದು ಕೇಳಿದಳು.

"ಕೆಲಸದಲ್ಲಿರೋದ್ರಿಂದಲೇ ಮೆಲ್ಲಗೆ ಮಾತಾಡ್ತಿರೋದು. ಆಸ್ಪತ್ರೆ ಇದು. ರೋಗಿಗಳ ಪಕ್ಕ ಕೂತ್ಕೊಳ್ಳೋ ಕೆಲಸ, ಆರು ವರ್ಷ ಆಯ್ತು."

"ಸಂಬಳ?"

"ಕೊಡ್ತಾರೆ. ನಗಬೇಡಿ, ಕೂರೋದಕ್ಕೂ ಸಂಬಳ ಕೊಡ್ತಾರೆ. ಕೂತು ನೋಡಿ, ಗೊತ್ತಾಗುತ್ತೆ."

"ಹೋದ ವರ್ಷ ನೀವು ಸಿಗಲಿಲ್ಲ. ಮೂರು ಸಲ ಫೋನ್ ಮಾಡಿದ್ವಿ."

"ಮೂರು ಸಲಾನಾ? ಯಾವಾಗ?"

"ಮೂರು ಭಾನುವಾರ. ಬೆಳಿಗ್ಗೆ ಹತ್ತು ಗಂಟೆಗೆ."

ಆ ಕಡೆ ನಗು, ರೋಗಿಗೆ ಎಚ್ಚರವಾಗದ ಹಾಗೆ ಸೆರಗಿನಲ್ಲೋ ಅಂಗೈಯಲ್ಲೋ ಹಿಡಿದಿಟ್ಟ ನಗು. "ಭಾನುವಾರ ಹತ್ತು ಗಂಟೆಗೆ ನಮ್ಮಂಥೋರು ಎಲ್ಲಿರ್ತಾರೆ ಅಂತ ಯಾವ ಮಗೂನ ಕೇಳಿದ್ರೂ ಹೇಳುತ್ತಲ್ಲಮ್ಮ! ಚರ್ಚಲ್ಲಿ ಫೋನ್ ಎತ್ತಿದ್ರೆ ಪಾದ್ರಿಗಳು ನಮ್ಮನ್ನೇ ಎತ್ತಿ ಹೊರಗೆ ಹಾಕ್ತಾರೆ."

ಅವಳ ಕಿವಿ ಬಿಸಿಯಾಯಿತು. ಯಾವ ಮಗುವನ್ನು ಕೇಳಿದರೂ. ಆ ಮಗು ಅವಳೇ ಆಗಿದ್ದಳು. ಭಾನುವಾರ ಹತ್ತು ಗಂಟೆಗೆ ಎರಡನೆಯ ಸಾಲಿನ ಬೆಂಚಿನಲ್ಲಿ, ಅಪ್ಪನ ಮತ್ತು ಅಜ್ಜಿಯ ನಡುವೆ, ನೆಲಕ್ಕೆ ತಾಗದ ಕಾಲು ತೂಗಾಡಿಸುತ್ತಾ ಬೆಳೆದವಳು. ಓದುವ ದನಿ ಚೆನ್ನಾಗಿದೆಯೆಂದು ದೊಡ್ಡವಳಾದ ಮೇಲೆ ಬೈಬಲಿನ ಪಾಠ ಓದಲು ಮುಂದೆ ನಿಲ್ಲಿಸುತ್ತಿದ್ದರು. ಅಜ್ಜಿ ಹೋದ ಆರನೆಯ ವಾರವೋ ಏಳನೆಯದೋ. ಕಿಟಕಿಯ ಗಾಜಿನಿಂದ ಬೆಳಕು ಪುಟದ ಮೇಲೆ ಬಿದ್ದಿತ್ತು, ಹಳದಿ, ಅದರಾಚೆ ಕೆಂಪು. ಅವಳು ಓದುತ್ತಿದ್ದ ಪಾಠದಲ್ಲೂ ಒಬ್ಬ ರಾಜನಿದ್ದ. ಎಲ್ಲಿ ಯಾವ ಸಾಲಿನಲ್ಲಿ ಆ ರಾಜನ ಕೈಬಿಟ್ಟು ಅಜ್ಜಿಯ ರಾಜನ ಕೈ ಹಿಡಿದಳೋ, ಅದೇ ಗಂಭೀರ ದನಿಯಲ್ಲಿ, "ಅವನ ಊರಿನಾಚೆ ಒಂದು ಮರವಿತ್ತು, ಮರದ ತುಂಬ ಹಕ್ಕಿಗಳಿದ್ದವು, ಎಷ್ಟೆಂದು ರಾಜನಿಗೆ ತಿಳಿಯಬೇಕಾಯಿತು" ಎಂದು ಸಭೆಗೆಲ್ಲ ಓದಿ ಹೇಳಿಬಿಟ್ಟಿದ್ದಳು. ಮಕ್ಕಳ ಸಾಲಿನಿಂದ ಕಿಸಕ್ಕೆಂದ ಸದ್ದು ಬಂದಾಗಲೇ ಎಚ್ಚರ. ಪಾದ್ರಿಗಳು ಬೈಯಲಿಲ್ಲ. ಬಾಗಿಲಲ್ಲಿ ಕೈಕುಲುಕುವಾಗ ಬಲು ಮೃದುವಾಗಿ, "ಯಾವ ಅಧ್ಯಾಯ ಮಗಳೇ ಅದು? ನನಗೆ ಸಿಗ್ಲೇ ಇಲ್ಲ" ಎಂದರು. ಆಮೇಲಿನ ವಾರಗಳಲ್ಲಿ ಎಲ್ಲರೂ, ಹೂ ಜೋಡಿಸುವ ಮುದುಕಿ, ಬಾಗಿಲು ಕಾಯುವ ಮಾವ, ಹಾಡುವ ಗುಂಪಿನ ಗಂಡಸರು, ಒಬ್ಬೊಬ್ಬರೂ ಪ್ರೀತಿಯಿಂದಲೇ ತಡೆದು ಕೇಳಿದರು: "ಹಕ್ಕಿ ಎಷ್ಟಿತ್ತಮ್ಮ ಕೊನೆಗೆ?" ಬೈದಿದ್ದರೆ ಸಹಿಸುತ್ತಿದ್ದಳು. ಕಚೇರಿಯಲ್ಲಿ ಭಾನುವಾರದ ಪಾಳಿಗೆ ಜನ ಬೇಕೆಂದಾಗ ಮೊದಲು ಎದ್ದ ಕೈ ಅವಳದು. ಮನೆಯಲ್ಲಿ ಮಾತ್ರ, "ಬಲವಂತ ಮಾಡ್ತಾರಪ್ಪ, ಏನ್ ಮಾಡೋದು" ಎಂದಳು. ಜನ ಮನೆಯಲ್ಲಿರುವ ಹೊತ್ತೆಂದು ಕಚೇರಿ ಭಾನುವಾರ ಹತ್ತು ಗಂಟೆಯನ್ನು ಆರಿಸಿತ್ತು. ಖಾಲಿ ಕಚೇರಿ, ಸಾಲು ಸಾಲು ಕುರ್ಚಿ, ಕಿವಿಯಲ್ಲಿ ರಿಂಗಾಗುತ್ತಲೇ ಇರುವ ಫೋನು. ಬೆಟ್ಟದ ಕಾಲೇಜಿನವರ ಸರದಿ ಬಂದಾಗ ಹೆಚ್ಚಿನವರು ಎತ್ತುತ್ತಿರಲಿಲ್ಲ. ಅವಳಿಗೆ ಅದು ಹಿತವಾಗಿತ್ತು. ಎತ್ತಿದ್ದರೆ ಯಾವ ಚರ್ಚಿನವರಮ್ಮ ನೀವು ಎಂದು ಕೇಳಿಯಾರೆಂಬ ಭಯ. ಪ್ರತಿ ಅಡ್ಡಗೆರೆಯನ್ನೂ ಉಸಿರು ಬಿಟ್ಟುಕೊಂಡು ಎಳೆದಿದ್ದಳು.

ಹಾಗಾದರೆ ಆ ಏಳು ಜನ ಸಿಕ್ಕಿದ್ದು ಹೇಗೆ? ಕಡತದ ಅಂಚಿನಲ್ಲಿ ತಾನೇ ಗೀಚಿದ್ದು ಈಗ ಕಣ್ಣಿಗೆ ಬಿತ್ತು: ಜ್ವರ. ಕಾಲು ಮುರಿದಿದೆ. ಬಾಣಂತಿ. ರಾತ್ರಿ ಪಾಳಿ ಮುಗಿಸಿ ಮಲಗಿದ್ದವನು, ಬೈದ. ಏಳಕ್ಕೆ ಏಳು ಜನರಿಗೂ ಕೆಲಸವಿತ್ತು. ಕಣ್ಣೆದುರಿಗೇ ಇತ್ತು ಎಲ್ಲ. ಅವಳು ಎರಡನೆಯ ನಂಬರು ತಿರುಗಿಸಿದಳು, ಮೂರನೆಯದು, ನಾಲ್ಕನೆಯದು. ಭಯಕ್ಕಿಂತ ಮೊದಲು ಕುತೂಹಲ ಓಡುತ್ತಿತ್ತು, ನಾಯಿ ಯಜಮಾನನಿಗಿಂತ ಮುಂದೆ ಓಡುವ ಹಾಗೆ. ಒಬ್ಬ ಜೈಲಿನಲ್ಲಿ ಕೈದಿಗಳಿಗೆ ಓದು ಬರಹ ಕಲಿಸುತ್ತಿದ್ದ. "ನಾನು ಒಳಗೇ ಇದ್ದೀನಿ, ಆದ್ರೆ ಸಂಜೆ ಬಿಡ್ತಾರೆ" ಎಂದ. ಒಬ್ಬಳು ಹಳೆಯ ಭಾಷೆಯೊಂದನ್ನು ಕಲಿತು ಅನುವಾದದ ಕೆಲಸ ಹಿಡಿದಿದ್ದಳು. ಒಬ್ಬ ಬೇಕರಿ ಇಟ್ಟಿದ್ದ, ಕಾಲೇಜಿನ ಅಡುಗೆಮನೆಯಲ್ಲಿ ಕಲಿತದ್ದೇ ಬಂಡವಾಳವಂತೆ, "ಮೂರು ವರ್ಷದ ಓದು ಮರ್ತಿದ್ದೀನಿ, ಹಿಟ್ಟು ನಾದೋದು ಮರ್ತಿಲ್ಲ. ಯಾವ ಕಾಲಮ್ಮಿಗೆ ಹಾಕ್ತೀರೋ ಹಾಕಿ." ಒಬ್ಬಳು ಸಿಡುಕಿದಳು: "ದಂಡ ಕಣ್ರೀ. ಅದೇ ಮೂರು ವರ್ಷ ನರ್ಸಿಂಗ್ ಓದಿದ್ರೆ ಇವತ್ತು ತಮ್ಮನ ಮನೇಲಿ ಇರ್ತಿರ್ಲಿಲ್ಲ. ಇದನ್ನೂ ಅಚ್ಚು ಹಾಕ್ತೀರಾ, ಇಲ್ಲ ಚೆನ್ನಾಗಿರೋದು ಮಾತ್ರಾನಾ?" ಹಾಕುತ್ತೇನೆ ಎಂದು ಮಾತು ಕೊಟ್ಟಳು. ಇನ್ನೊಬ್ಬ, ದನಿ ಕೇಳಿದರೆ ಐವತ್ತು ದಾಟಿದವನು, ನಿಧಾನವಾಗಿ ಹೇಳಿದ: "ಕೆಲಸ ಇಲ್ಲ. ಹೆಂಡತಿಗೆ ಹುಷಾರಿಲ್ಲ, ನೋಡ್ಕೋತೀನಿ. ಇಲ್ಲ ಅಂತಲೇ ಬರ್ಕೊಳಿ. ಆದ್ರೆ ಅಯ್ಯೋ ಪಾಪ ಅಂದ್ಕೊಂಡು ಬರೀಬೇಡಿ."

"ಏನಿದು, ಬೆಳಿಗ್ಗೆಯಿಂದ ಲೈನ್ ನಿಂದೇ ಆಗಿದೆ?" ಗೆರೆ ಮೇಡಂ ಪಕ್ಕಕ್ಕೆ ಬಂದು ನಿಂತಾಗ ಮಧ್ಯಾಹ್ನ ಎರಡಾಗಿತ್ತು. ಅವಳು ಎದ್ದು ನಿಂತು ಎಲ್ಲ ಹೇಳಿದಳು. ಹೇಳುತ್ತಾ ಹೇಳುತ್ತಾ ದನಿ ಸಣ್ಣದಾಯಿತು. ಮೇಡಂ ಕಡತ ನೋಡಿದರು, ಅವಳನ್ನು ನೋಡಿದರು.

"ಭಾನುವಾರದ ಪಾಳಿ ನೀನೇ ಕೇಳಿ ತಗೊಂಡಿದ್ದಲ್ವೇನೇ? ನಿಮ್ಮ ಮನೆಯವರು ಚರ್ಚಿಗೆ ಹೋಗೋರಲ್ವಾ?"

"ಹೌದು ಮೇಡಂ."

"ಮತ್ತೆ ನಿನಗೆ ಹೊಳೀಲಿಲ್ವಾ?"

ಅಕ್ಕಪಕ್ಕದ ಮೇಜಿನವರು ಕಾಗದ ಹುಡುಕುವವರಂತೆ ತಲೆ ತಗ್ಗಿಸಿದರು. ಮೇಡಂ ಅವಳ ಬಿಳಿ ಹಾಳೆಯನ್ನು ಎಳೆದುಕೊಂಡು ಓದಿದರು. "ಈ ಐದು ಜನ ಇವತ್ತೂ ಸಿಗಲಿಲ್ಲ. ಇವರನ್ನ ಎಲ್ಲಿ ಹಾಕ್ತೀಯ?"

"ಗೊತ್ತಿಲ್ಲ ಮೇಡಂ."

"ಅದಕ್ಕೊಂದು ಕಾಲಮ್ಮೇ ಇಲ್ವಲ್ಲ ನಮ್ಮಲ್ಲಿ" ಎಂದರು, ತಮಗೇ ಹೇಳಿಕೊಂಡ ಹಾಗೆ. ಆಮೇಲೆ ಸ್ಕೇಲು ತರಿಸಿ, ಹಾಳೆಯ ಬಲಕ್ಕೆ ಉದ್ದಕ್ಕೊಂದು ಗೆರೆ ಎಳೆದು, ಮೇಲೆ 'ಗೊತ್ತಿಲ್ಲ' ಎಂದು ಬರೆದರು. "ಹದಿನೈದು ವರ್ಷದಿಂದ ಎಳೀತಿದ್ದೀನಿ. ನನ್ನ ಗೆರೆ ನೇರವಾಗೇ ಇರುತ್ತೆ, ನೀವು ತುಂಬೋದು ಸೊಟ್ಟ. ಈ ವರ್ಷದ ಪುಟ ಇನ್ನೂ ಅಚ್ಚಿಗೆ ಹೋಗಿಲ್ಲ. ನಾಳೆ ಬೆಳಿಗ್ಗೆ ಹೊಸ ಅಂಕಿ ನನ್ನ ಮೇಜಿನ ಮೇಲಿರ್ಲಿ." ಎರಡು ಹೆಜ್ಜೆ ಹೋದವರು ತಿರುಗಿದರು. "ಆ ಆಸ್ಪತ್ರೆಯವಳು ನಿಜವಾಗ್ಲೂ ಕೂರೋದಕ್ಕೆ ಸಂಬಳ ತಗೋತಾಳಾ?"

ಸಂಜೆ ಅವಳು ಅಂಗಡಿಗೆ ಬಂದಾಗ ಬೀದಿಯಲ್ಲಿ ಹಗಲ ಬೆಳಕು ಇನ್ನೂ ಆರಿರಲಿಲ್ಲ. ಗಾಜಿನ ಕಪಾಟಿನಲ್ಲಿ ಮೂಗಿಲ್ಲದ ನೂರಾರು ಕನ್ನಡಕಗಳು ಅವಳನ್ನೇ ನೋಡುತ್ತಿದ್ದವು. ತಂಗಿ ಮೂಲೆಯಲ್ಲಿ ಮೆತ್ತನೆಯ ಬಟ್ಟೆಯಿಂದ ಗಾಜು ಒರೆಸುತ್ತಿದ್ದಳು, ಅರ್ಜಿ ಅವಳ ಮಡಿಲಲ್ಲಿ. ಏನಾಯಿತೆಂದು ಹುಬ್ಬಿನಲ್ಲೇ ಕೇಳಿದಳು. ಅಕ್ಕ ಹಾಳೆಯನ್ನು ಅಪ್ಪನ ಮುಂದಿಟ್ಟಳು. ಅಪ್ಪ ತನ್ನ ಕನ್ನಡಕ ಹುಡುಕಿದ; ಕನ್ನಡಕದ ಅಂಗಡಿಯಲ್ಲಿ ಪ್ರತಿ ದಿನ ಕಳೆದುಹೋಗುವುದು ಅದೊಂದೇ. ಸಿಕ್ಕಮೇಲೆ ಹಳೆಯ ಕೈಪಿಡಿಯನ್ನು ಎಡಕ್ಕೆ, ಹಾಳೆಯನ್ನು ಬಲಕ್ಕೆ ಇಟ್ಟುಕೊಂಡು ಬಹಳ ಹೊತ್ತು ನೋಡಿದ. ಸಂಜೆ ಕಾಲೇಜಿನ ಎದುರು ಅವಳು ಬರೆದ 'ಕೆಲಸ ಮೊದಲೇ ಇತ್ತು' ಎಂಬುದಕ್ಕೆ ತಲೆದೂಗಿದ. ಬೆಟ್ಟದ ಕಾಲೇಜಿಗೆ ಬಂದಾಗ ಬೆರಳು ನಿಂತಿತು. ಕೆಲಸದಲ್ಲಿ ಇಪ್ಪತ್ತೊಂದು, ಅವರಲ್ಲಿ ಐವರು ಓದಿಗೆ ಸಂಬಂಧವಿಲ್ಲದ ಕೆಲಸದಲ್ಲಿ. ಕೆಲಸವಿಲ್ಲ, ಐದು, ಅವರಲ್ಲಿ ಓದಿದ್ದು ದಂಡವೆಂದವಳು ಒಬ್ಬಳು. ಗೊತ್ತಿಲ್ಲ, ಐದು.

"ಇದರಲ್ಲಿ ಏಳು, ಇದರಲ್ಲಿ ಇಪ್ಪತ್ತೊಂದು. ಒಂದೇ ವರ್ಷದಲ್ಲಿ ಹದಿನಾಲ್ಕು ಜನಕ್ಕೆ ಕೆಲಸ ಸಿಕ್ತಾ? ತಂಗಿ ಮೇಲಿನ ಪ್ರೀತಿಗೆ ಬರ್ದಿದ್ದಲ್ಲ ತಾನೇ?"

"ಇಲ್ಲಪ್ಪ. ಹಳೇದೇ ತಪ್ಪು." ಇಲ್ಲಿಗೇ ನಿಲ್ಲಿಸಬಹುದು, ಕಚೇರಿಯ ತಪ್ಪು ಎನ್ನಬಹುದು, ಅಪ್ಪ ನಂಬುತ್ತಾನೆ. "ಸಿಗದೇ ಇದ್ದೋರನ್ನ ಕೆಲಸ ಇಲ್ಲ ಅಂತ ಹಾಕೋದು. ಅವರು ಸಿಗದೇ ಇದ್ದಿದ್ದು ನಾವು ಭಾನುವಾರ ಹತ್ತು ಗಂಟೆಗೆ ಫೋನ್ ಮಾಡಿದ್ದಕ್ಕೆ."

ಅಪ್ಪ ಮೊದಲು ನಕ್ಕ. ಹೊಟ್ಟೆ ಕುಣಿಯುವಂತೆ ನಕ್ಕ. "ಯಾವ ಪುಣ್ಯಾತ್ಮನೋ ಅವನು! ಭಾನುವಾರ ಹತ್ತು ಗಂಟೆಗೆ ಬೈಬಲ್ ಓದಿದೋರನ್ನ ಮನೇಲಿ ಹುಡುಕಿದೋನು!"

"ನಾನೇ ಅಪ್ಪ."

ನಗು ಮುಖದ ಮೇಲೆಯೇ ಉಳಿದು, ಕಣ್ಣು ಮಾತ್ರ ಬದಲಾಯಿತು.

"ನೀನಾ? ಆದ್ರೆ ನಿನಗೆ... ಆಫೀಸಿನವರು ಬಲವಂತ ಮಾಡ್ತಾರೆ ಅಂದಿದ್ದೆ."

"ಮಾಡಿರ್ಲಿಲ್ಲ. ನಾನೇ ಕೇಳಿ ತಗೊಂಡೆ."

ಹೊರಗೆ ಯಾರೋ ಬಾಗಿಲ ಗಾಜಿನಲ್ಲಿ ಮುಖ ನೋಡಿಕೊಂಡು ಕೂದಲು ಸರಿಮಾಡಿಕೊಂಡು ಹೋದರು. ಅಪ್ಪ ಕನ್ನಡಕ ತೆಗೆದು ಒರೆಸತೊಡಗಿದ. ಅದು ಸ್ವಚ್ಛವಾಗಿಯೇ ಇತ್ತು. ಎರಡನೆಯ ಸಾಲಿನಲ್ಲಿ ಒಂದು ವರ್ಷದಿಂದ ತನ್ನ ಪಕ್ಕದ ಜಾಗಕ್ಕೆ ಅವನು ಟೋಪಿ ಇಟ್ಟುಕೊಂಡು ಕೂರುತ್ತಾನೆ, ಯಾರಾದರೂ ಕೇಳಿದರೆ 'ಬರ್ತಾಳೆ, ಪಾಳಿ ಮುಗಿದ್ರೆ ಬರ್ತಾಳೆ' ಎನ್ನುತ್ತಾನೆ ಎಂದು ತಂಗಿ ಒಮ್ಮೆ ಹೇಳಿದ್ದು ನೆನಪಾಗಿ ಅವಳು ನೆಲ ನೋಡಿದಳು.

"ಸಂಜೆ ಹೋಗಿದ್ರೆ ಹಕ್ಕಿಗಳು ಅವನ ಗುರುತು ಹಿಡಿತಿದ್ವು" ಎಂದಳು ತಂಗಿ, ಗಾಜು ಒರೆಸುತ್ತಲೇ.

"ಏನು?"

"ಅಜ್ಜಿ ಕಥೆ. ಲೆಕ್ಕದವನು ಆ ಮರದ ಬುಡದಲ್ಲೇ ಬೆಳೆದೋನಂತೆ. ಸಂಜೆ ಹೋದ್ರೆ ಹಕ್ಕಿಗಳೆಲ್ಲ ಅವನ ಹೆಸರು ಹಿಡಿದು ಕೂಗ್ತಾವೆ, ಇಷ್ಟು ದಿನ ಎಲ್ಲಿದ್ದೆ ಅಂತ ಕೇಳ್ತಾವೆ, ಅದಕ್ಕೆ ಮಧ್ಯಾಹ್ನ ಹೋದ. ನಿನಗೆ ಹೇಳಿರ್ಲಿಲ್ವಾ?"

"ದೊಡ್ಡವಳಾದ ಮೇಲೆ ಹೇಳ್ತೀನಿ ಅಂದಿದ್ಲು."

"ನನಗೆ ಏಳು ವರ್ಷಕ್ಕೇ ಹೇಳಿದ್ಲಪ್ಪ" ಎಂದಳು ತಂಗಿ, ಸ್ವಲ್ಪ ಜಂಬದಿಂದ.

ಅಪ್ಪ ಕನ್ನಡಕ ಹಾಕಿಕೊಂಡ. ಹಾಳೆಯನ್ನು ಅವಳ ಕಡೆ ತಳ್ಳಿದ. "ಇದಿನ್ನೂ ಮುಗಿದಿಲ್ಲ. ಯಾರು ಎಣಿಸಿದ್ದು, ಯಾವತ್ತು ಎಣಿಸಿದ್ದು ಅಂತ ಇಲ್ಲ. ನಾನು ಕಣ್ಣು ನೋಡಿದ್ರೆ ಚೀಟಿ ಕೆಳಗೆ ಹೆಸರು, ತಾರೀಕು ಹಾಕದೇ ಕೊಡ್ತೀನಾ?" ದನಿಯಲ್ಲಿ ಕೋಪವಿತ್ತೋ ಇಲ್ಲವೋ ಅವಳಿಗೆ ತಿಳಿಯಲಿಲ್ಲ, ಆದರೆ ತನ್ನ ಪೆನ್ನಿನ ಮುಚ್ಚಳ ತೆಗೆದು ಕೊಟ್ಟ. ಅವಳು ಕುರ್ಚಿ ಎಳೆದುಕೊಂಡು ಕೂತು ಬರೆದಳು. ಹಿಂದಿನ ಎಣಿಕೆ, ಮೂರು ಭಾನುವಾರ, ಬೆಳಿಗ್ಗೆ ಹತ್ತು ಗಂಟೆ; ಅವರು ಚರ್ಚಿನಲ್ಲಿರುವ ಹೊತ್ತು, ಎಣಿಸಿದವಳಿಗೆ ಅದು ಗೊತ್ತಿರಬೇಕಿತ್ತು. ಈಗಿನ ಎಣಿಕೆ, ಮಂಗಳವಾರ, ಹಗಲು. ಅಪ್ಪ ತಂಗಿಯನ್ನು ಕರೆದು ಕೈಪಿಡಿ, ಹಾಳೆ ಎರಡನ್ನೂ ಅವಳ ಮುಂದಿಟ್ಟ.

"ನೀನೇ ಓದು. ದಂಡ ಅಂದವಳನ್ನೂ ಓದು, ಕೆಲಸ ಇಲ್ಲದ ಐದು ಜನಾನೂ ಓದು. ಇದೇ ಬೇಕಾ?"

ತಂಗಿ ಓದಿದಳು. ಅವಸರ ಮಾಡಲಿಲ್ಲ. 'ಗೊತ್ತಿಲ್ಲ' ಎಂಬ ಕಾಲಮ್ಮಿನ ಮೇಲೆ ಬೆರಳಿಟ್ಟು, "ಈ ಐದು ಜನರಲ್ಲಿ ಒಬ್ಬಳು ನಾನೂ ಆಗಬಹುದು ಅಲ್ವಾ?" ಎಂದಳು. ಆಗಬಹುದು ಎಂದ ಅಪ್ಪ. "ಸರಿ ಹಾಗಾದ್ರೆ" ಎಂದು ತಂಗಿ ಮಡಿಲಿನಿಂದ ಅರ್ಜಿ ತೆಗೆದು ಕೊಟ್ಟಳು.

ಅಪ್ಪ ಸಹಿಗೆಂದು ಪೆನ್ನಿಗೆ ಕೈಚಾಚಿದ. ಒಂದು ನಿಮಿಷ ಎಂದು ಅಕ್ಕ ಹಾಳೆಯ ಮೇಲೆ ಮತ್ತೆ ಬಗ್ಗಿದಳು. ಕೊನೆಯ ಸಾಲಿನ ಕೆಳಗೆ, ಗೆರೆ ಮೇಡಂ ಎಳೆದ ನೇರ ಗೆರೆ ಮುಗಿಯುವಲ್ಲಿ, ಎಣಿಸಿದವರು ಎಂದು ಬರೆದು, ಅದರ ಮುಂದೆ ತನ್ನ ಪೂರ್ತಿ ಹೆಸರು ಬರೆದಳು. ಪೆನ್ನನ್ನು ಅಪ್ಪನ ಕೈಗೆ ಕೊಟ್ಟಳು.